ಅವ್ವನ ಟ್ರಂಕಿನ ಬೇವು, ಲಕ್ಕಿ, ದವನ

ಈ ಸಲ ಹೊಂಗೆ ಹೂ ಬಿಟ್ಟದ್ದು ನನಗೆ ಗೊತ್ತಾದದ್ದು ಅಂಗಾಲಿನಿಂದ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಗೇಟಿನ ಪಕ್ಕದಲ್ಲೇ ಒಂದು ಹೊಂಗೆ ಮರ ಇದೆ. ಶಿವರಾತ್ರಿ ಮುಗಿದು ಬಿಸಿಲು ಚುರುಗುಟ್ಟುವ ಹೊತ್ತಿಗೆ ಅದು ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ, ಎಣ್ಣೆ ಸವರಿದಂಥ ಎಳೆ ಚಿಗುರು ತೊಟ್ಟು, ಒಂದು ದಿನ ಯಾರಿಗೂ ಹೇಳದೆ ಹೂ ಬಿಟ್ಟುಬಿಡುತ್ತದೆ. ಪ್ರತಿ ವರ್ಷ ಬೆಳಿಗ್ಗೆ ಬಾಗಿಲ ಚಿಲಕ ತೆಗೆಯುವಾಗಲೇ ಅದರ ವಾಸನೆ ನನಗೆ ತಾಕುತ್ತಿತ್ತು. ಸಿಹಿ ಎನ್ನಲೂ ಆಗದ, ಒಗರು ಎನ್ನಲೂ ಆಗದ ಒಂದು ಹಸಿ ವಾಸನೆ. ಈ ಸಲ ಪೊರಕೆ ಹಿಡಿದು ಬರಿಗಾಲಲ್ಲಿ ಹೊರಗೆ ಬಂದೆ. ಕಾಲ ಕೆಳಗೆ ಏನೋ ಮೆತ್ತಗಾಯಿತು. ನೋಡಿದರೆ ಅಂಗಳದ ತುಂಬ ಮಂಡಕ್ಕಿ ಚೆಲ್ಲಿದಂತೆ ಹೂವು. ಬಗ್ಗಿ ಒಂದು ಬೊಗಸೆ ಎತ್ತಿ ಮೂಗಿಗೆ ಒತ್ತಿಕೊಂಡೆ. ಎಸಳೊಂದು ಮೂಗಿನೊಳಗೇ ಹೋಗಿ ಸೀನು ಬಂತು, ವಾಸನೆ ಮಾತ್ರ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅರವತ್ತರ ಹತ್ತಿರದ ಹೆಂಗಸು ಬೆಳಗಾಗೆದ್ದು ಮಡಿಲಲ್ಲಿ ಹೂ ಇಟ್ಟುಕೊಂಡು ಅಳುತ್ತ ಕೂತರೆ ಹಾಲಿನವನು ಏನೆಂದುಕೊಳ್ಳಬೇಕು? ಪಾಪ, ಅವನು ಪ್ಯಾಕೆಟ್ಟು ಕಟ್ಟೆಯ ಮೇಲಿಟ್ಟು ಹೋದ.

ಮೂಗು ಹೋದದ್ದು ಚಳಿಗಾಲದಲ್ಲಿ. ನೆಗಡಿ, ಜ್ವರ ಮನೆಮಂದಿಗೆಲ್ಲ ಬಂದಿತ್ತು, ಎಲ್ಲರಿಗೂ ವಾಸಿಯಾಯಿತು. ನನಗೂ ವಾಸಿಯಾಯಿತು, ಆದರೆ ಜ್ವರ ಹೋಗುವಾಗ ನನ್ನ ಮೂಗನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೊದಮೊದಲು ಗೊತ್ತೇ ಆಗಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ನಮ್ಮ ಮನೆಯವರು ಪೇಪರು ಕೈಯಲ್ಲಿ ಹಿಡಿದೇ ಓಡಿಬಂದರು. "ಏನೇ ಇದು, ಮನೀಗೆ ಬೆಂಕಿ ಹಚ್ಚಬೇಕು ಅಂತ ಮಾಡೀಯೇನು?" ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರ್ರಗಾಗಿತ್ತು. ನಾನು ಮೂರಡಿ ದೂರದಲ್ಲಿ ಕೂತು ಸೊಪ್ಪು ಬಿಡಿಸುತ್ತಲೇ ಇದ್ದೆ.

ಆಮೇಲೆ ಒಂದೊಂದಾಗಿ ತಿಳಿಯಿತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಖಾರ ಎಲ್ಲ ಗೊತ್ತಾಗುತ್ತಿತ್ತು, ಅದರಾಚೆ ಏನೂ ಇಲ್ಲ. ಬದನೆಕಾಯಿ ಪಲ್ಯವೂ ಒಂದೇ, ಹೀರೇಕಾಯಿ ಪಲ್ಯವೂ ಒಂದೇ. ಸಾರಿಗೆ ಇಂಗು ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಹಾಕಿ, ನಮ್ಮ ಮನೆಯವರು ತಟ್ಟೆ ಮುಂದಿಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಡುವಂತೆ ಮಾಡಿದೆ. ಕೊನೆಗೆ ಅವರೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಂ.ಸಿ.ಸಿ. ಬಡಾವಣೆಯ ಒಬ್ಬ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮೂಗಿನೊಳಗೆ ನಳಿಕೆ ಬಿಟ್ಟು ನೋಡಿ, "ಒಳಗೆ ಅಡ್ಡ ಏನಿಲ್ರಿ ಆಂಟಿ, ವಾಸನೆ ನರಕ್ಕೆ ಪೆಟ್ಟು ಬಿದ್ದೈತೆ. ಬರಬಹುದು, ಬರದೇನೂ ಇರಬಹುದು. ದಿನಾ ಬೆಳಿಗ್ಗೆ ಸಂಜೆ ಪರಿಚಯದ ವಾಸನೆ ಮೂಸ್ರಿ. ಲವಂಗ, ನಿಂಬೆಹಣ್ಣು, ಹಿಂಗೆ. ಮೂಸುವಾಗ ಅದು ಮೊದಲು ಹೆಂಗಿತ್ತು ಅಂತ ನೆನಪು ಮಾಡ್ಕಳ್ರಿ" ಎಂದಳು. ಆಂಟಿ ಎಂದದ್ದಕ್ಕೆ ಸಿಟ್ಟು ಬಂತು. ಬರದೇನೂ ಇರಬಹುದು ಎಂದದ್ದನ್ನು ಕೇಳಿಸಿಕೊಳ್ಳದವಳಂತೆ ದಾರಿಯಲ್ಲೇ ಲವಂಗ, ನಿಂಬೆಹಣ್ಣು ಕೊಂಡೆ.

ವಾಸನೆ ಇಲ್ಲದೆ ಜನ ಬದುಕುವುದಿಲ್ಲವೇ? ಬದುಕುತ್ತಾರೆ. ಕಣ್ಣು ಹೋದವರಿಗೆ, ಕಿವಿ ಹೋದವರಿಗೆ ಅಯ್ಯೋ ಎನ್ನುವ ಜನ ಮೂಗು ಹೋಯಿತೆಂದರೆ ನಗುತ್ತಾರೆ. "ಒಳ್ಳೇದಾತು ಬಿಡ್ರಿ, ಚರಂಡಿ ವಾಸನೆ ತಪ್ತು" ಎಂದಳು ಎದುರು ಮನೆಯಾಕೆ. ಬೇರೆ ವರ್ಷವಾಗಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಈ ವರ್ಷ ನನಗೆ ಮೂಗು ಬೇಕೇ ಬೇಕಿತ್ತು. ಅವ್ವನ ಟ್ರಂಕು ಇನ್ನೂ ತೆಗೆದಿರಲಿಲ್ಲ.

ಅವ್ವ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಕೊನೆಯ ಕೆಲವು ವರ್ಷ ಅವಳು ಹರಿಹರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ದಿನಾ ಉಡುತ್ತಿದ್ದ ಸೀರೆಗಳನ್ನು ಕಾರ್ಯದ ದಿನವೇ ಒಗೆದು ಹಂಚಿಬಿಟ್ಟರು. ಒಂದನ್ನು ತೊಳೆಯದೆ ಎತ್ತಿಟ್ಟುಕೊಳ್ಳಬೇಕೆಂದು ಆ ಅಳುವಿನಲ್ಲಿ ನನಗೆ ಹೊಳೆಯಲಿಲ್ಲ. ತಂಗಿಯ ಮನೆಯಲ್ಲಿ ಉಳಿದದ್ದು ಹಸಿರು ಬಣ್ಣದ ಒಂದು ತಗಡಿನ ಟ್ರಂಕು. ಅದರಲ್ಲಿ ಅವಳ ಧಾರೆ ಸೀರೆ, ಒಂದೆರಡು ಇಳಕಲ್ಲು, ಅಪ್ಪ ತಂದುಕೊಟ್ಟ ಒಂದು ಮೊಳಕಾಲ್ಮೂರು ರೇಷ್ಮೆ.

ಆ ಟ್ರಂಕಿಗೆ ಅವ್ವನದೇ ಒಂದು ಪದ್ಧತಿ ಇತ್ತು. ಪ್ರತಿ ಚೈತ್ರದಲ್ಲಿ ಅದನ್ನು ಹೊರಗೆ ತಂದು, ಸೀರೆಗಳನ್ನು ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಎಲೆಯೆಲ್ಲ ಕೊಡವಿ ಹೊಸದು ಹಾಕುವುದು. ತಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ. ಸೀರೆ ಸೀರೆಯ ನಡುವೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಲಕ್ಕಿ ಸೊಪ್ಪು. ಲಕ್ಕಿ ಎಂದರೆ ಹೊಳೆದಂಡೆಯಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡ, ಎಲೆಯ ಹಿಂಬದಿ ಬೂದಿ ಬಡಿದಂತೆ ಬೆಳ್ಳಗೆ, ಹೂವು ತಿಳಿ ನೀಲಿ. ಕಾಳಿನ ಡಬ್ಬಿಗೂ ಅದೇ, ಬಟ್ಟೆಗೂ ಅದೇ, ಹುಳ ಹತ್ತಿರ ಸುಳಿಯುವುದಿಲ್ಲ. ಎಲ್ಲಕ್ಕಿಂತ ಮೇಲೆ, ದವನದ ಹುಣ್ಣಿಮೆಗೆ ಪೇಟೆಗೆ ಬರುವ ದವನದ ಒಂದು ಕಟ್ಟು. ಇದಕ್ಕೆ ಅವ್ವನ ಕೈಯ ವಿಭೂತಿ, ತಲೆಯ ಕೊಬ್ಬರಿ ಎಣ್ಣೆ, ಎಲೆಅಡಿಕೆಯ ಕಾಚು ಎಲ್ಲ ಕೂಡಿಕೊಂಡು ವರ್ಷಗಟ್ಟಲೆ ಮುಚ್ಚಿದ ತಗಡಿನೊಳಗೆ ಒಂದು ವಾಸನೆ ಆಗಿತ್ತು. ಮುಚ್ಚಳ ಎತ್ತಿದರೆ ಅವ್ವ ಬಂದು ಎದುರಿಗೆ ನಿಲ್ಲುತ್ತಿದ್ದಳು. ಕಳೆದ ಚೈತ್ರದಲ್ಲಿ, ಹೋಗುವ ಸ್ವಲ್ಪ ಮುಂಚೆ, ಕುರ್ಚಿಯ ಮೇಲೆ ಕೂತು ನಮ್ಮಿಬ್ಬರಿಗೂ ಬೈಯುತ್ತ ಎಲೆ ಹಾಕಿಸಿದ್ದಳು.

ಅವಳು ಹೋದಮೇಲೆ ನಾನು ಆ ಮುಚ್ಚಳ ತೆಗೆದಿರಲಿಲ್ಲ. ತೆಗೆದಷ್ಟೂ ವಾಸನೆ ಖರ್ಚಾಗುತ್ತದೆ ಎಂಬುದು ನನ್ನ ಲೆಕ್ಕ. ವರ್ಷದ ಕಾರ್ಯದ ದಿನ ಒಂದೇ ಸಲ ತೆಗೆದು, ಮುಖ ಇಟ್ಟು, ಹೊಟ್ಟೆ ತುಂಬ ಮೂಸಬೇಕು ಎಂದು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಮೂಗೇ ಹೋಯಿತು.

ಹೊಂಗೆ ಹೂವು ಹಿಡಿದು ಅತ್ತ ವಾರದಲ್ಲೇ ತಂಗಿಯ ಫೋನು ಬಂತು. "ಅಕ್ಕಾ, ಟ್ರಂಕಿಗೆ ಎಲೆ ಹಾಕಬೇಕಲ್ಲ, ಯಾವಾಗ ಬರ್ತೀಯ?"

"ಬದಲಿಸೋದು ಬ್ಯಾಡ. ಅದನ್ನ ಮುಟ್ಟಬ್ಯಾಡ."

"ಹಂಗಂದ್ರೆ ಹೆಂಗೆ? ರೇಷ್ಮೆ ಸೀರೆ ಅದಾವೆ, ಹುಳ ಬಿದ್ರೆ ಏನು ಮಾಡ್ತೀಯ?"

"ತಿಂದ್ರೆ ತಿನ್ಲಿ! ಅವ್ವನ ವಾಸನೆ ಹೋದ್ರೆ ನೀನು ತಂದುಕೊಡ್ತೀಯೇನು?" ನನ್ನ ಗಂಟಲು ಎಷ್ಟು ಏರಿತೆಂದರೆ ನಮ್ಮ ಮನೆಯವರು ಟಿವಿ ಬಂದ್ ಮಾಡಿದರು. "ಜ್ವರ ಬಂದಾಗಿಂದ ನನಗೆ ಏನೂ ವಾಸನೆ ಬರ್ತಿಲ್ಲ. ಡಾಕ್ಟ್ರಿಗೆ ತೋರಿಸಿದೀನಿ, ದಿನಾ ಮೂಸ್ತಾ ಇದೀನಿ. ನನ್ನ ಮೂಗು ಬರೋ ತನಕ ಆ ಮುಚ್ಚಳ ಯಾರೂ ತೆಗೀಕೂಡದು, ನೋಡು."

ಅತ್ತ ಕಡೆ ತಂಗಿ ಸುಮ್ಮನಾದಳು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇರುವವಳಲ್ಲ ಅವಳು. ಆಮೇಲೆ "ಆತು ಬಿಡಕ್ಕ" ಎಂದು ಫೋನಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಲವಂಗ, ನಿಂಬೆಹಣ್ಣು ಮೂಸಿ ಮೂಸಿ ನನಗೆ ಬೇಸರ ಬಂದುಹೋಗಿತ್ತು. ನನಗೆ ಬೇಕಾದದ್ದು ಲವಂಗದ ವಾಸನೆಯೇನು? ಟ್ರಂಕಿನಲ್ಲಿ ಏನಿದೆಯೋ ಅದನ್ನೇ ಮೂಸಿ ಮೂಗಿಗೆ ಪಾಠ ಹೇಳಿಕೊಡೋಣ ಎಂದು ಹೊರಟೆ. ನಮ್ಮ ರಸ್ತೆಯ ತುದಿಯಲ್ಲಿ ಒಂದು ಖಾಲಿ ಸೈಟು, ಅದರ ಮೂಲೆಯಲ್ಲಿ ಒಂದು ಬೇವಿನ ಮರ. ಬೆಳಿಗ್ಗೆ ಸಂಜೆ ಅಲ್ಲಿಗೆ ಹೋಗಿ, ಕೈಗೆಟುಕುವ ರೆಂಬೆ ಬಗ್ಗಿಸಿ, ಮುಖ ತೂರಿಸಿ ನಿಲ್ಲುವುದು. "ಸೀರೆ ಉಟ್ಟ ಆಡು ಮೇಯಾಕೆ ಬಂದೈತೆ ಅಂದ್ಕಂತಾರೆ ಜನ" ಎಂದು ನಮ್ಮ ಮನೆಯವರು ರೇಗಿಸಿದರು. ಅಂದುಕೊಳ್ಳಲಿ.

ಮೂಗು ಹೋದಮೇಲೆ ಕಣ್ಣು ಚುರುಕಾಯಿತು ಎಂದು ಬರೆದರೆ ಓದಲು ಚೆಂದ. ಹಾಗೇನೂ ಆಗಲಿಲ್ಲ. ಮೂಸಲು ಹೋಗಿ ನಿಂತಾಗ ಬೇರೆ ಕೆಲಸವಿಲ್ಲದ್ದಕ್ಕೆ ನೋಡಿದೆ, ಅಷ್ಟೇ. ಬೇವಿನ ಹೂವನ್ನು ನಾನು ಜೀವಮಾನವಿಡೀ ಹಿಡಿಗಟ್ಟಲೆ ಕಿತ್ತವಳು, ಒಂದೊಂದಾಗಿ ನೋಡಿದವಳಲ್ಲ. ಐದು ಬಿಳಿ ಎಸಳು ಹಿಂದಕ್ಕೆ ಮಡಚಿಕೊಂಡು, ನಡುವೆ ಒಂದು ಪುಟ್ಟ ಕೊಳವೆ ನಿಂತಿರುತ್ತದೆ. ಬೆಳಗಿನ ಗಾಳಿಗೆ ತಲೆಯ ಮೇಲೆ ಉದುರಿದರೆ ಉದುರಿತು ಎಂದೂ ತಿಳಿಯುವುದಿಲ್ಲ, ಅಷ್ಟು ಹಗುರ. ಆ ಸೈಟಿನಲ್ಲಿ ಇನ್ನೂ ಏನೇನೋ ಇದ್ದವು. ಕಸದ ಗುಡ್ಡೆಯ ಪಕ್ಕದಲ್ಲೇ ಎಕ್ಕದ ಗಿಡ, ಅದರ ನಸುನೇರಳೆ ಹೂವಿಗೆ ಸದಾ ಒಂದಲ್ಲ ಒಂದು ಕಪ್ಪು ದುಂಬಿ. ಗೋಡೆಯ ಸಂದಿಯಲ್ಲಿ ಉಳಿದ ಒಂದಿಷ್ಟು ತೇವಕ್ಕೆ ತುಂಬೆ. ಸೆರಗಿಗೆ ಅಂಟಿಕೊಂಡು ಮನೆಯವರೆಗೂ ಬರುವ ಉತ್ತರಾಣಿ. ಯಾರೂ ನೀರು ಹಾಕದಿದ್ದರೂ ಮೈತುಂಬ ಅರಿಶಿನ ಬಣ್ಣದ ಹೂ ಹೊತ್ತ ತಂಗಡಿ. ನಾನು ತೊಟ್ಟಿಯಲ್ಲಿ ಗುಲಾಬಿ ಇಟ್ಟು, ಗೊಬ್ಬರ ಹಾಕಿ, ಮುದ್ದು ಮಾಡಿದರೂ ಮೂತಿ ತಿರುಗಿಸಿ ಕೂತಿರುತ್ತದೆ. ಇಲ್ಲಿ ನೋಡಿದರೆ ಕಲ್ಲು ಮಣ್ಣಿನಲ್ಲಿ ಹಬ್ಬ ನಡೆದಿತ್ತು. ಎಲ್ಲವನ್ನೂ ಮೂಸಿದೆ, ಯಾವುದೂ ನನ್ನ ಜೊತೆ ಮಾತಾಡಲಿಲ್ಲ.

ಒಂದು ಭಾನುವಾರ ನಮ್ಮ ಮನೆಯವರೇ, "ಬಾ, ಮಾಯಕೊಂಡದ ಕಡೆ ಹೋಗಿಬರಾಣ, ಮುತ್ತುಗ ಹೂ ಬಿಟ್ಟಿರ್ತಾವೆ" ಎಂದು ಸ್ಕೂಟರು ತೆಗೆದರು. ಮಾಯಕೊಂಡದ ಹತ್ತಿರದ್ದೇ ಅವ್ವನ ತವರು. ದಾವಣಗೆರೆ ಬಿಟ್ಟು ಸ್ವಲ್ಪ ದೂರದವರೆಗೆ ಕಾಲುವೆ ನೀರಿನ ಗದ್ದೆ, ಆಮೇಲೆ ಕೆಂಪು ಮಣ್ಣು, ಮುರಿದು ಹಾಕಿದ ಮೆಕ್ಕೆಜೋಳದ ಹೊಲ. ಆ ಬೋಳು ಬಯಲಿನ ಬದುವಿನಲ್ಲಿ ಒಂದೇ ಒಂದು ಎಲೆ ಇಲ್ಲದೆ, ಕರಿ ಕೊಂಬೆಯ ತುಂಬ ಕೆಂಡದ ಬಣ್ಣ ಹೊತ್ತು ಮುತ್ತುಗ ನಿಂತಿದ್ದವು. ನಾನು ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ನಮ್ಮ ಮನೆಯವರೂ ಒಂದು ಎತ್ತಿ ಮೂಸಿದರು. ಮತ್ತೆ ಮೂಸಿದರು.

"ಇದಕ್ಕೆ ವಾಸನೇನೇ ಇಲ್ಲ ಮಾರಾಯ್ತಿ" ಎಂದರು. "ಈಗ ನೀನೂ ನಾನೂ ಸಮ."

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಹೊಟ್ಟೆಯಿಂದ ಬಂದ ನಗು. ಆ ಮರದ ಕೆಳಗೆ ಕೂತು ತಂದ ಬುತ್ತಿ ಉಂಡೆವು, ನಾನು ಹಣೆಯ ಬೆವರು ಒರೆಸಿಕೊಂಡು ಅವರಿಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವ್ವನ ಮುಖ ಬೇಕೆಂದರೆ ಫೋಟೋ ಇದೆ. ದನಿ ಬೇಕೆಂದರೆ ಫೋನಿನಲ್ಲಿ ಅವಳು ಕಳಿಸಿದ ಮಾತುಗಳಿವೆ, "ಉಂಡ್ಯೇನೇ" ಎಂದು ಶುರುವಾಗುವವು. ವಾಸನೆಯನ್ನು ಎಲ್ಲಿ ಇಟ್ಟುಕೊಳ್ಳುವುದು? ಡಾಕ್ಟರಮ್ಮ ನೆನಪು ಮಾಡಿಕೊಳ್ಳಿ ಎಂದಳು. ಮಾಡಿಕೊಳ್ಳಲು ಹೋದರೆ ಬರುವುದು ಬರೀ ಮಾತು: ಒಣಗಿದ ಬೇವು, ವಿಭೂತಿ, ಕಾಚು. ಮಾತು ಮೂಸಲು ಬರುವುದಿಲ್ಲ. "ನಾಳೆ ಮೂಗು ಬಂದು, ಅವ್ವನ ವಾಸನೆ ಎದುರಿಗೆ ಬಂದ್ರೂ ಇದು ಅವ್ವಂದು ಅಂತ ನನಗೆ ಗುರ್ತು ಸಿಗದೇ ಹೋದ್ರೆ?" ಎಂದೆ. ಅವರು ನೀರಿನ ಬಾಟಲಿ ಕೈಗೆ ಕೊಟ್ಟರು. ಒಳ್ಳೆಯ ಮನುಷ್ಯ.

ಯುಗಾದಿ ಬಂತು. ಸೂತಕದ ವರ್ಷ, ನಮಗೆ ಹಬ್ಬವಿಲ್ಲ. ಎದುರು ಮನೆಯಾಕೆ ಒಂದು ಲೋಟ ಬೇವು ತಂದುಕೊಟ್ಟಳು. ನಮ್ಮ ಕಡೆ ಬೇವು ಎಂದರೆ ಬೆಲ್ಲದ ನೀರಿಗೆ ಬೇವಿನ ಹೂವು, ಪುಟಾಣಿ ಹಿಟ್ಟು, ಮಾವಿನಕಾಯಿ, ದ್ರಾಕ್ಷಿ ಎಲ್ಲ ಹಾಕಿ ಕದಡಿದ ಪಾನಕ. ಕುಡಿದೆ. ಬೆಲ್ಲ ಬಂತು, ಹುಳಿ ಬಂತು. ಘಮ ಒಂದೂ ಬರಲಿಲ್ಲ. ಕಹಿ ಮಾತ್ರ ಚೂರೂ ಕಡಿಮೆಯಾಗಿರಲಿಲ್ಲ. ದೇವರಿಗೆ ನನ್ನ ಹತ್ತಿರ ಕಹಿಯನ್ನು ಯಾಕೆ ಉಳಿಸಬೇಕೆನಿಸಿತು ಎಂದು ನಿಜವಾಗಿ ಸಿಟ್ಟು ಬಂತು. ಲೋಟ ತೊಳೆದು ಕೊಡುವಾಗ "ಭಾಳ ಚಲೋ ಆಗಿತ್ರೀ" ಎಂದೆ.

ದವನದ ಹುಣ್ಣಿಮೆ ಹತ್ತಿರ ಬಂದಾಗ ಹೂವಿನ ಮಾರ್ಕೆಟ್ಟಿಗೆ ಹೋಗಿ ದವನ ತಂದೆ. ಹೂ ಮಾರುವಾಕೆ ಕಟ್ಟನ್ನು ನನ್ನ ಮುಖದ ಹತ್ತಿರ ಹಿಡಿದು, "ಮೂಸಿ ನೋಡ್ರಿ ಅಕ್ಕಾರೆ, ಹೆಂಗೆ ಘಮ್ ಅಂತೈತೆ!" ಎಂದಳು. ತೊಗೊಂಡೆ. ಅವತ್ತು ಸಂಜೆ ಬೇವಿನ ಮರದ ಕೆಳಗೆ ನಿಂತಾಗ ಒಂದು ಎಳೆ, ನಿಜವಾಗಿ ಒಂದೇ ಒಂದು ಎಳೆಯಷ್ಟು ಏನೋ ಮೂಗಿನಲ್ಲಿ ಹಾದಂತಾಯಿತು. ಉಸಿರು ಬಿಟ್ಟು ಮತ್ತೆ ಎಳೆದೆ, ಇರಲಿಲ್ಲ. ಮೂಗಿಗೆ ಬಂದದ್ದೋ, ಆಸೆಗೆ ಬಂದದ್ದೋ ತಿಳಿಯಲಿಲ್ಲ. ಯಾರಿಗೂ ಹೇಳಲಿಲ್ಲ.

ಮರುದಿನವೇ ತಂಗಿಯ ಫೋನು. "ಅಕ್ಕಾ, ಸಿಟ್ಟು ಮಾಡಬ್ಯಾಡ. ಟ್ರಂಕಿನ ಸಂದಿಯಿಂದ ಬೆಳ್ಳಿಹುಳ ಹೊರಗೆ ಬರ್ತಾ ಅದಾವೆ. ಇನ್ನೂ ಬಿಟ್ರೆ ಸೀರೆ ಕೈಗೆ ಬರಲ್ಲ. ವರ್ಷದ ಕಾರ್ಯಕ್ಕೆ ಸೀರೆ ಹಂಚಬೇಕು, ಏನು ಹಂಚೋದು?"

ನಾನು ಇಡೀ ದಿನ ಯೋಚನೆ ಮಾಡಿದೆ. ಮೂಗು ಇವತ್ತು ಬರುತ್ತದೋ, ಇನ್ನೆರಡು ವರ್ಷಕ್ಕೋ, ಬರುವುದೇ ಇಲ್ಲವೋ. ಅಲ್ಲಿಯವರೆಗೆ ಹುಳಕ್ಕೆ ಉಪವಾಸ ಇರು ಎಂದರೆ ಇರುತ್ತದೆಯೇ? ಅವ್ವ ಇದ್ದಿದ್ದರೆ ತಲೆಗೆ ಮೊಟಕಿ, "ಸೀರೆ ಹಾಳು ಮಾಡಿ ವಾಸನೆ ಇಟ್ಕಂಡು ಏನು ಉಪ್ಪಿನಕಾಯಿ ಹಾಕ್ತೀಯ?" ಎನ್ನುತ್ತಿದ್ದಳು. ಬರುತ್ತೇನೆ ಎಂದು ತಂಗಿಗೆ ಹೇಳಿದೆ. ಹೇಳಿದಮೇಲೆ ಅವ್ವ ಇನ್ನೊಂದು ಸಲ ಸತ್ತಂತೆ ಅನಿಸಿತು.

ಬೇವಿನ ಎಲೆ, ದವನ ಒಂದು ಬ್ಯಾಗಿಗೆ ತುಂಬಿಕೊಂಡು ಹರಿಹರದ ಬಸ್ಸು ಹತ್ತಿದೆ. ಲಕ್ಕಿ ಸೊಪ್ಪು ಅಲ್ಲೇ ಹೊಳೆದಂಡೆಯಲ್ಲಿ ಸಿಗುತ್ತದೆ. ತಂಗಿಯೂ ನಾನೂ ಬಿಸಿಲು ಇಳಿಯುವ ಮುಂಚೆಯೇ ಹೋದೆವು. ಹೊಳೆ ಬೇಸಿಗೆಗೆ ಬತ್ತಿ, ಬಂಡೆಗಳು ಬೆನ್ನು ತೋರಿಸುತ್ತಿದ್ದವು. ದಂಡೆಯ ಲಕ್ಕಿ ಪೊದೆ ಮಾತ್ರ ಹಸಿರಾಗಿತ್ತು, ಅಲ್ಲಲ್ಲಿ ಹೂವೂ ಇತ್ತು. ಅವ್ವ ಹೂವಿರುವ ಕುಡಿ ಮುರಿಯಬಾರದು ಎನ್ನುತ್ತಿದ್ದಳು, ಹಾಗಾಗಿ ಬರೀ ಎಲೆಯ ಕುಡಿ ಆರಿಸಿ ಮುರಿದೆವು. ತಂಗಿ ಒಂದು ಹಿಡಿ ಎಲೆ ಉಜ್ಜಿ ನನ್ನ ಮೂಗಿನ ಹತ್ತಿರ ತಂದಳು.

"ಬಂತೇನಕ್ಕಾ?"

"ಇಲ್ಲ."

"ಸ್ವಲ್ಪಾನೂ?"

"ಇಲ್ಲ ಅಂದೆನಲ್ಲ!"

ಅವಳು ಸೊಪ್ಪನ್ನು ಚೀಲಕ್ಕೆ ತುಂಬಿದಳು. ಬಾಯಿಬಡುಕಿ ತಂಗಿ ಬೆಳಗಿನಿಂದ ಮಾತು ಕಡಿಮೆ ಮಾಡಿದ್ದಳು. ಅವ್ವನ ನೆನಪಾಗಿರಬೇಕು ಎಂದು ನಾನೂ ಕೆದಕಲಿಲ್ಲ.

ಮನೆಗೆ ಬಂದು ಟ್ರಂಕನ್ನು ಪಡಸಾಲೆಗೆ ಎಳೆದೆವು. ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ. ಮುಚ್ಚಳ ತೆಗೆಯಲು ನನ್ನ ಕೈ ಬರಲಿಲ್ಲ. "ನೀನೇ ತೆಗಿ. ನೀನು ಮೂಸಿ ನನಗೆ ಹೇಳು" ಎಂದೆ. ತಂಗಿ ಕೊಂಡಿ ಬಿಚ್ಚಿ, ಮುಚ್ಚಳ ಎತ್ತಿ, ಮೇಲಿನ ಇಳಕಲ್ಲು ಸೀರೆಯಲ್ಲಿ ಮುಖ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

"ಐತೆ ಅಕ್ಕಾ. ಅವ್ವ ಹಂಗೇ ಅದಾಳೆ."

"ಏನೇನೈತೆ? ಬಿಡಿಸಿ ಹೇಳು."

"ಬೇವು ಐತೆ. ಲಕ್ಕಿ ಐತೆ. ಆಕಿ ಕೈಯಿನ ವಿಭೂತಿ... ಕಾಚು... ಆ ಎಣ್ಣೆ ವಾಸನೆ ಇರ್ತಿತ್ತಲ್ಲ, ಅದೂ ಐತೆ." ಹೇಳುತ್ತ ಹೇಳುತ್ತ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನೂ ಅವಳನ್ನು ತಬ್ಬಿಕೊಂಡು ಅತ್ತೆ. ನನ್ನ ಮೂಗಿಲ್ಲದಿದ್ದರೆ ಏನು, ತಂಗಿಯ ಮೂಗಿದೆಯಲ್ಲ, ಒಬ್ಬರಿಗಾದರೂ ಸಿಕ್ಕಿತಲ್ಲ ಎಂದು ಆ ಹೊತ್ತಿನಲ್ಲಿ ನಿಜವಾಗಿಯೂ ಸಮಾಧಾನ ಅನಿಸಿತು.

ಆದರೂ ಆಸೆ ಬಿಡುತ್ತದೆಯೇ? ಒಂದೊಂದೇ ಸೀರೆ ಎತ್ತಿ ಮುಖಕ್ಕೆ ಒತ್ತಿಕೊಂಡೆ. ಇಳಕಲ್ಲಿನಲ್ಲಿ ಏನೂ ಇಲ್ಲ. ಧಾರೆ ಸೀರೆಯಲ್ಲಿ ಏನೂ ಇಲ್ಲ. ತಳದಲ್ಲಿದ್ದದ್ದು ಮೊಳಕಾಲ್ಮೂರು ರೇಷ್ಮೆ. ಅದರ ಮಡಿಕೆಯೊಳಗಿನ ಮಡಿಕೆ ಬಿಡಿಸಿ ಮೂಗು ತೂರಿಸಿ, ಎದೆ ಬಿರಿಯುವಂತೆ ಉಸಿರೆಳೆದೆ.

ಬಂತು.

ಏನು ಬಂತು ಎಂದು ನೋಡಲಿಲ್ಲ. ಬಂತು ಎಂಬುದಷ್ಟೇ. ಮೂಗಿನ ಮೇಲ್ಗಡೆ, ಕಣ್ಣಿನ ನಡುವೆ, ತಿಂಗಳುಗಟ್ಟಲೆ ಬೀಗ ಬಿದ್ದಿದ್ದ ಜಾಗದಲ್ಲಿ ಯಾರೋ ಒಳಗೆ ಬಂದು ನಿಂತರು. "ಬಂತು! ಬಂತು ಕಣೇ! ವಾಸನೆ ಬಂತು!" ಎಂದು ಕಿರುಚಿದೆ. ಸೀರೆ ಹಿಡಿದುಕೊಂಡೇ ಎದ್ದು ನಿಂತೆ. ಮತ್ತೆ ಮೂಸಿದೆ, ಮತ್ತೆ ಬಂತು. ಶಿವನೇ, ನಾನು ಕುಣಿದೇಬಿಟ್ಟೆ.

ತಂಗಿ ಕುಣಿಯಲಿಲ್ಲ. ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು, ನನ್ನನ್ನೇ ನೋಡುತ್ತಿದ್ದಳು. ಆಗ ನಾನು ಮೂರನೆಯ ಸಲ ಮೂಸಿದೆ, ಸಾವಕಾಶವಾಗಿ. ಅದು ಬೇವಲ್ಲ, ಲಕ್ಕಿಯಲ್ಲ, ದವನವಲ್ಲ. ಅವ್ವನೂ ಅಲ್ಲ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ, ಬೀರುವಿಗೆ, ಬಚ್ಚಲಿಗೆ ಹಾಕುವ ಬಿಳಿ ನುಸಿಗುಳಿಗೆಯ ವಾಸನೆ. ಸಂದೇಹವೇ ಇಲ್ಲ. ಅಷ್ಟು ಹೊತ್ತು ಅಳುವಿನಲ್ಲಿ ಕಾಣದ್ದು ಆಗ ಕಣ್ಣಿಗೆ ಬಿತ್ತು: ಟ್ರಂಕಿನಲ್ಲಿ ಒಂದು ಎಲೆಯೂ ಇರಲಿಲ್ಲ. ಅವ್ವನ ವಾಸನೆ ಇನ್ನು ಯಾವತ್ತೂ ಸಿಗುವುದಿಲ್ಲ ಎಂದು ನನಗೆ ಹೇಳಿದ್ದು ನನ್ನದೇ ಮೂಗು.

"ಮಳೆಗಾಲದಾಗೆ ತಗಡು ಬೆವೆತಿತ್ತಕ್ಕ" ಎಂದಳು ತಂಗಿ. ದನಿ ನೆಲಕ್ಕಿಳಿದಿತ್ತು. "ತೆಗೆದು ನೋಡಿದ್ರೆ ಎಲೆಗೆಲ್ಲ ಬೂಷ್ಟು ಹಿಡಿದಿತ್ತು. ಎಲ್ಲಾ ಬಳಿದು ಚೆಲ್ಲಿ ಗುಳಿಗೆ ಹಾಕಿಟ್ಟೆ. ಒಳ್ಳೇದು ಮಾಡಿದೆ ಅಂದ್ಕಂಡಿದ್ದೆ. ನೀನು ಆವತ್ತು ಫೋನಿನಾಗೆ ಹೇಳಿದ ಮ್ಯಾಲೆ ನನಗೆ ಕೈಕಾಲೇ ಆಡಲಿಲ್ಲ. ಗುಳಿಗೆ ತೆಗೆದು ಬಿಸಾಕಿದೆ. ಗಾಳಿಗೆ ಹಾಕಿದೆ, ಬಿಸಿಲಿಗೆ ಹಾಕಿದೆ. ಹೋಗಲೇ ಇಲ್ಲ ಅದು. ಒಂದಿನ ದೇವರ ಮುಂದೆ ನಿಂತು..." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕ್ಕನ ಮೂಗು ಬರೋದೇ ಬ್ಯಾಡ ಅಂತ ಅಂದ್ಕಂಡುಬಿಟ್ಟೆ."

ನಾನು ಬೈದೆ. ಬೈಯಲಿಲ್ಲ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಮೂರ್ಖಿ ಎಂದೆ, ಹೇಳದೆ ಕೇಳದೆ ಮಾಡುವವಳು ಎಂದೆ, ಅವ್ವ ನಿನಗೆ ಇದನ್ನೇ ಕಲಿಸಿದ್ದೇನು ಎಂದೆ. ಬೈಯುತ್ತ ಬೈಯುತ್ತ ನಡುನಡುವೆ ಆ ಸೀರೆಯನ್ನು ಮೂಸುತ್ತಲೂ ಇದ್ದೆ, ಏಕೆಂದರೆ ಬರುತ್ತಿತ್ತು. ಎದೆ ಒಡೆದುಹೋಗಿತ್ತು, ಅದೇ ಹೊತ್ತಿಗೆ ಖುಷಿಯೂ ಆಗುತ್ತಿತ್ತು. ಎರಡನ್ನೂ ಒಟ್ಟಿಗೆ ಏನು ಮಾಡಬೇಕೆಂದು ಗೊತ್ತಾಗದೆ ಕೊನೆಗೆ ಸುಸ್ತಾಗಿ ಅವಳ ಪಕ್ಕದಲ್ಲೇ ಕೂತೆ. ನನಗಾಗಿ ಇಲ್ಲದ ವಿಭೂತಿಯನ್ನೂ ಕಾಚನ್ನೂ ಒಂದೊಂದಾಗಿ ಹುಡುಕಿ ಹೇಳಿದವಳಿಗೆ ಇನ್ನೆಷ್ಟು ಬೈಯುವುದು? ಆಮೇಲೆ ಇಬ್ಬರೂ ಸೇರಿ ತಳಕ್ಕೆ ಬೇವು ಹಾಸಿ, ಲಕ್ಕಿ ಸುತ್ತಿಟ್ಟು, ಮೇಲೆ ದವನ ಇಟ್ಟೆವು. ತಂಗಿ ಕಾಫಿ ಮಾಡಿದಳು. ಅದರ ವಾಸನೆ ಬರಲಿಲ್ಲ.

ಮೊಳಕಾಲ್ಮೂರು ಸೀರೆಯನ್ನು ನಾನು ಕೇಳಿ ತೆಗೆದುಕೊಂಡೆ. ಬಟ್ಟೆಯ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡು ದಾವಣಗೆರೆ ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನೋ ಗುಳಿಗೆ ವಾಸನೆ ಬರ್ತೈತಲ್ರಿ. ನಿಮಗೂ ಬರ್ತೈತೇನ್ರಿ?"

"ಬರ್ತೈತ್ರಿ" ಎಂದೆ. "ನನಗೂ ಬರ್ತೈತೆ."

ನನ್ನ ಕಣ್ಣಲ್ಲಿ ನೀರು ನೋಡಿ ಆಕೆಗೆ ಗಾಬರಿಯಾಯಿತು. "ಯಾಕ್ರಿ, ಕಣ್ಣಿಗೆ ಹತ್ತಿತೇನ್ರಿ? ಕಿಟಕಿ ತೆಗೀಲಾ?"

"ಬ್ಯಾಡ್ರಿ" ಎಂದೆ. "ದಾವಣಗೆರೆ ಏನು ಭಾಳ ದೂರಿಲ್ಲ. ಅಲ್ಲೀ ತನಕ ಇರ್ಲಿ ಬಿಡ್ರಿ."